ಬಯಕೆ ಬುತ್ತಿ ಹೊತ್ತ ಬರಮ

ಹೂಂ ಅನ್ನುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ನಡುನಡುವೆ ನಕ್ಕರೆ ನನಗೇನೂ ಬೇಜಾರಿಲ್ಲ. ನಡುವೆ ಎದ್ದು ಹೋದರೆ ಮಾತ್ರ ಕತೆಯನ್ನು ಅಲ್ಲಿಗೇ ಬಿಟ್ಟು ನಾನೂ ಎದ್ದುಬಿಡುತ್ತೇನೆ.

ನವಲಗಟ್ಟಿ ಅಂತ ಒಂದು ಊರು. ಎರೆಭೂಮಿಯ ಊರು. ಜೋಳ, ಸಜ್ಜೆ, ನವಣೆ ಬಿಟ್ಟರೆ ಆ ಮಣ್ಣಿಗೆ ಬೇರೆ ಬೆಳೆ ಗೊತ್ತಿಲ್ಲ. ಆ ಊರಲ್ಲಿ ಕಲ್ಲವ್ವ ಅಂತ ಒಬ್ಬಳು ತಾಯಿ. ಗಂಡ ತೀರಿಹೋಗಿ ಬಹಳ ದಿನವಾಗಿತ್ತು. ಮಗಳು ಚಂದ್ರವ್ವ, ಮಗ ಬರಮ. ಮಗಳು ಹೇಳುವ ಮೊದಲೇ ತಿಳಿದುಕೊಳ್ಳುವವಳು. ಮಗ ಹೇಳಿದ್ದನ್ನು ಹೇಳಿದಷ್ಟೇ ತಿಳಿದುಕೊಳ್ಳುವವನು.

ಬರಮನಿಗೆ ವಯಸ್ಸು ಇಪ್ಪತ್ತು. ಜೋಳದ ಚೀಲವನ್ನು ಒಬ್ಬನೇ ಎತ್ತುವ ಮೈಕಟ್ಟು. ತಲೆಯೊಂದು ಮಾತ್ರ ಹಾಗೆ! "ಹಾಲು ಉಕ್ಕತೈತೇನು ನೋಡಲೇ" ಅಂದರೆ ಉಕ್ಕುವುದನ್ನು ನೋಡುತ್ತ ನಿಲ್ಲುವನು. ಪಾತ್ರೆ ಬರಿದಾದ ಮೇಲೆ, "ಉಕ್ಕಿತು ಯವ್ವಾ, ಛಲೋತ್ನಾಗ ನೋಡಿದ್ನಿ" ಅನ್ನುವನು. "ಕಾಳಿಗೆ ಕೋಳಿ ಬಂದ್ರ ಹೇಳು" ಅಂದರೆ, ಬಂತು ಅಂತ ಹೇಳುವನು, ಇನ್ನೊಂದು ಬಂತು ಅಂತಲೂ ಹೇಳುವನು, ತಿಂದು ಹೋದವು ಅಂತಲೂ ಹೇಳುವನು. ಕಲ್ಲವ್ವ ತಲೆಯ ಮೇಲೆ ಕೈ ಹೊತ್ತು, "ನಿನ್ನ ಹಡದು ನಾ ಏನು ಮಾಡ್ಲೋ ಬರಮ್ಯಾ!" ಅಂತ ಕೂರುವಳು. ಪಾಪ, ಬರಮ ಅದಕ್ಕೂ ಉತ್ತರ ಹುಡುಕುತ್ತ ನಿಲ್ಲುವನು.

ಹೋದ ವರ್ಷ ಚಂದ್ರವ್ವನ ಮದುವೆಯಾಯಿತು. ಮೂರು ಹರದಾರಿ ಆಚೆ ತುಂಬರಗುದ್ದಿ. ಆ ಊರಿಗೆ ಕಾಲುವೆ ಬಂದಿತ್ತು, ಕಾಲುವೆಯ ಹಿಂದೆ ಭತ್ತ ಬಂದಿತ್ತು, ಭತ್ತದ ಹಿಂದೆ ಮಿಲ್ಲು ಬಂದಿತ್ತು. ಮೂರು ಹೊತ್ತೂ ಬೆಳ್ಳನೆಯ ಅನ್ನ. ಯಾರದಾದರೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಓಣಿಯವರು ಮೂಗು ಮುರಿಯುವರು. ಅಕ್ಕ ಅಂಥ ಊರಿಗೆ ಹೋದ ದಿನದಿಂದ ಬರಮನಿಗೆ ಎದೆಯ ಕೆಳಗೆ ಏನೋ ಖಾಲಿ ಖಾಲಿ ಅನ್ನಿಸುತ್ತಿತ್ತು. ಅವನಿಗೆ ಖಾಲಿ ಅಂದರೆ ಒಂದೇ ಗೊತ್ತು, ಹಸಿವು. ಎರಡು ರೊಟ್ಟಿ ಹೆಚ್ಚಿಗೆ ತಿಂದ. ಹೋಗಲಿಲ್ಲ. ನಾಲ್ಕು ತಿಂದ. ಆಗಲೂ ಹೋಗಲಿಲ್ಲ.

"ಯವ್ವಾ, ಹೊಟ್ಟಿ ತುಂಬೈತಿ, ಆದರೂ ಹಸಿವ್ಯಾಗೈತಿ."

"ಅದು ಹಸಿವಲ್ಲೋ ಹುಚ್ಚಪ್ಪಾ" ಅಂದ ಕಲ್ಲವ್ವ ಮುಖ ತಿರುಗಿಸಿಕೊಂಡಳು. ಅವಳಿಗೂ ಅದೇ ಆಗಿತ್ತು.

ಹೀಗಿರುವಾಗ ಬೀಸುಕಲ್ಲು ಕುಟ್ಟುವ ಹೆಣ್ಣುಮಗಳೊಬ್ಬಳು ಊರೂರು ತಿರುಗುತ್ತ ನವಲಗಟ್ಟಿಗೆ ಬಂದಳು. ಉಳಿಯಿಂದ ಟಕಟಕ ಕಲ್ಲು ಕುಟ್ಟುತ್ತ ಸುದ್ದಿ ಹೇಳಿದಳು. "ಕಲ್ಲವ್ವಾ, ನಿನ್ನ ಮಗಳ ಮನ್ಯಾಗ ಬೀಸುಕಲ್ಲಿಗೆ ಕೆಲಸಾನ ಇಲ್ಲ, ಹಂಗ ವಾಪಸ್ ಬಂದ್ನಿ. ನಿನ್ನ ಮಗಳು ಐದು ತಿಂಗಳ ಬಸರಿ. ಬಿಳಿ ಅನ್ನ ಬಾಯಾಗಿಟ್ರ ವಾಂತಿ. ಮೈಯಾಗ ರಗತ ಇಲ್ಲ. ಸಜ್ಜಿ ರೊಟ್ಟಿ ಅಂತಾಳ, ನವಣಿ ಅಂತಾಳ, ಪುಂಡಿಪಲ್ಲೆ ಅಂತಾಳ. ಅತ್ತಿ ಬಸಲಿಂಗವ್ವ, 'ಬಡವರ ಕೂಳು ನಮ್ಮ ಮನ್ಯಾಗ ಬೇಯಂಗಿಲ್ಲ' ಅಂತಾಳ. ಗಂಡ ತಾಯಿ ಮಾತು ಮೀರಂಗಿಲ್ಲ. ಹಿಂಗ ಆದ್ರ ಹೊಟ್ಟ್ಯಾಗಿನ ಕೂಸು ಏನು ಉಂಡು ಬೆಳೀಬೇಕವ್ವಾ?"

ಕಲ್ಲವ್ವ ಸಜ್ಜೆಯ ಗಡಿಗೆಯ ಕಡೆ ನೋಡಿದಳು. ಬಸುರಿ ಮಗಳಿಗೆ ತವರಿನಿಂದ ಬಯಕೆ ಬುತ್ತಿ ಹೋಗಬೇಕು. ತಾಯಿಯೇ ಹೊತ್ತು ಒಯ್ಯಬೇಕು. ಆದರೆ ಕಲ್ಲವ್ವ ಬಾವಿಯ ಕಟ್ಟೆಯಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಿದ್ದಳು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬರುವುದೇ ದೊಡ್ಡದು. ಮಗಳನ್ನು ಕರೆತರೋಣ ಅಂದರೆ ಒಂಬತ್ತು ತುಂಬುವ ತನಕ ಕಳಿಸುವುದಿಲ್ಲ ಅಂತ ಬೀಗರು ಮೊದಲೇ ಹೇಳಿಬಿಟ್ಟಿದ್ದರು. ಇನ್ನು ಉಳಿದವನು ಬರಮ.

ಕಲ್ಲವ್ವ ಕುಂಟುತ್ತಲೇ ಸಜ್ಜೆ ಬೀಸಿದಳು. ಬಿಳಿ ಎಳ್ಳು ಹಚ್ಚಿ ರೊಟ್ಟಿ ಬಡಿದಳು. ಹುಳಿ ಹುಳಿ ಪುಂಡಿ ಸೊಪ್ಪಿನ ಪಲ್ಯ ಮಾಡಿದಳು, ಅಗಸೆ ಬೀಜ ಹುರಿದು ಕುಟ್ಟಿ ಚಟ್ನಿಪುಡಿಯಂಥ ಹಿಂಡಿ ಮಾಡಿದಳು. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಮಗನ ತಲೆಯ ಮೇಲಿಟ್ಟಳು.

"ಇದು ಬಯಕಿ ಬುತ್ತಿ ಮಗನ. ಇದರ ಮ್ಯಾಲೆ ಯಾರ ಕಣ್ಣೂ ಬೀಳಬಾರದು. ಯಾರು ಕೇಳಿದ್ರೂ ಬಿಚ್ಚಬ್ಯಾಡ. ಯಾರಿಗೂ ತೋರಸಬ್ಯಾಡ. ತಿಳೀತಿಲ್ಲೋ?"

"ತಿಳೀತು ಯವ್ವಾ! ಯಾರಿಗೂ ತೋರಸಂಗಿಲ್ಲ!"

ಬರಮ ನಡೆದ. ದಾರಿಯಲ್ಲಿ ಕುರಿ ಕಾಯುವವರು ಕೇಳಿದರು, "ಏನದ?" ಬರಮ ಓಡಿದ. ಕಳೆ ಕೀಳುವವರು ಕೇಳಿದರು, "ಏನದ?" ಬರಮ ಇನ್ನೂ ಜೋರಾಗಿ ಓಡಿದ. ತುಂಬರಗುದ್ದಿ ಮುಟ್ಟಿದ. ಅಕ್ಕ ಬಾಗಿಲಿಗೆ ಬಂದಳು. ಎಷ್ಟು ತೆಳ್ಳಗಾಗಿದ್ದಳು! ಕೈಬಳೆ ಮೊಣಕೈ ತನಕ ಸರಿಯುತ್ತಿದ್ದವು. ಆದರೂ ತಮ್ಮನನ್ನು ಕಂಡು ಅವಳ ಮುಖ ಅರಳಿತು.

"ಬರಮ್ಯಾ! ಬಂದಿ? ಗಂಟಿನ್ಯಾಗ ಏನೈತೋ?"

"ಹೇಳಂಗಿಲ್ಲಕ್ಕಾ."

"ಸಜ್ಜಿ ರೊಟ್ಟಿ ವಾಸನಿ ಬರಾಕ ಹತ್ತೈತಿ... ಪುಂಡಿಪಲ್ಲೆ ಅಲ್ಲ? ಬಿಚ್ಚೋ, ಬಿಚ್ಚೋ!"

"ಬಿಚ್ಚಂಗಿಲ್ಲ! ಯಾರಿಗೂ ತೋರಸಬ್ಯಾಡ ಅಂದಾಳ ಅವ್ವ!"

ಅಕ್ಕ ನಕ್ಕಳು, ಬೇಡಿದಳು, ಕಡೆಗೆ ಅತ್ತಳು. ಬರಮ ಗಂಟನ್ನು ಅವುಚಿಕೊಂಡು ಕೂತ. ಅಕ್ಕ ಅತ್ತರೆ ಅವನ ಕಣ್ಣಲ್ಲೂ ನೀರು ಬಂತು. ಆದರೆ ಅವ್ವನ ಮಾತು ಮೀರುವುದು ಹೇಗೆ? ಚಂದ್ರವ್ವ ಬಗ್ಗಿ ಗಂಟಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ದೀರ್ಘವಾಗಿ ಒಮ್ಮೆ ಉಸಿರೆಳೆದುಕೊಂಡಳು. ಬರಮ ಗಂಟು ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸು ಹೋದ.

ಕಲ್ಲವ್ವ ಗಂಟು ನೋಡಿದಳು, ಮಗನನ್ನು ನೋಡಿದಳು. "ಅಯ್ಯ ನನ್ನ ಹಣೇಬರಾನ! ಅಕ್ಕಗೂ ತೋರಸಬ್ಯಾಡ ಅಂದೆನೇನೋ? ಮುಚ್ಚಿಡಬಾರದೋ! ಗಂಟು ಬಿಚ್ಚಬೇಕು, ಎದುರಿಗೆ ಇಡಬೇಕು, 'ತಗೋರಿ, ಹೊಟ್ಟಿ ತುಂಬ ತಿನ್ನರಿ' ಅಂತ ಕೈಯಾರೆ ಕೊಡಬೇಕು!"

"ಮೊದಲ ಹೇಳಬಾರದೇನವ್ವಾ? ಈ ಸಲ ಹಂಗ ಮಾಡ್ತೀನಿ."

ಎರಡನೆಯ ಸಲ ಕಲ್ಲವ್ವ ಸಜ್ಜೆಯ ಮಾದಲಿ ಮಾಡಿದಳು. ರೊಟ್ಟಿ ಪುಡಿಮಾಡಿ, ಬೆಲ್ಲ ಕಲಸಿ, ಕೊಬ್ಬರಿ, ಗಸಗಸೆ, ಪುಟಾಣಿ ಎಲ್ಲ ಹಾಕಿದಳು. ಚಂದ್ರವ್ವ ಸಣ್ಣವಳಿದ್ದಾಗ ಮಾದಲಿ ಅಂದರೆ ಊಟ ಬಿಟ್ಟು ಓಡಿ ಬರುತ್ತಿದ್ದಳು. ಆ ನೆನಪಿಗೆ ಕಲ್ಲವ್ವ ಒಂದು ಹಿಡಿ ಬೆಲ್ಲ ಹೆಚ್ಚಿಗೆ ಹಾಕಿದಳು.

ಬರಮ ಊರ ಅಗಸೆಬಾಗಿಲು ದಾಟಿದ್ದೇ ತಡ, ಗಂಟು ಬಿಚ್ಚಿದ. ಕುರಿ ಕಾಯುವವರ ಎದುರಿಗೆ ಇಟ್ಟ. "ತಗೋರಿ, ಹೊಟ್ಟಿ ತುಂಬ ತಿನ್ನರಿ!" ಅವರು ಬೇಡ ಅಂದಾರೆಯೇ? ಕಳೆ ಕೀಳುವವರ ಎದುರಿಗೆ ಇಟ್ಟ. "ತಗೋರಿ, ಹೊಟ್ಟಿ ತುಂಬ ತಿನ್ನರಿ!" ಅವರು ಹರಸಿ ಹರಸಿ ತಿಂದರು. ಎದುರಿಗೆ ಎತ್ತು ಬಂತು, ಎತ್ತಿಗೂ ಕೊಟ್ಟ. ಗುಬ್ಬಿ ಬಂದವು, ಗುಬ್ಬಿಗೂ ಚೆಲ್ಲಿದ. ಅಕ್ಕನ ಮನೆ ಮುಟ್ಟಿದಾಗ ಅರಿವೆ ಬರಿದಾಗಿತ್ತು.

"ಎಲ್ಲಾರಿಗೂ ಕೊಟ್ನಿ ಅಕ್ಕಾ, ಯಾರಿಗೂ ಕಡಿಮಿ ಮಾಡಲಿಲ್ಲ!" ಅಂದ, ಮೆಚ್ಚುಗೆಗೆ ಕಾಯುತ್ತ.

ಚಂದ್ರವ್ವ ಅರಿವೆಯನ್ನು ಕೊಡವಿ ನೋಡಿದಳು. ಮೂಲೆಯ ಮಡಿಕೆಯಲ್ಲಿ ಒಂದು ಚೂರು ಸಿಕ್ಕಿಕೊಂಡಿತ್ತು. ಬೆರಳ ತುದಿಯಿಂದ ಎತ್ತಿ ನಾಲಗೆಯ ಮೇಲಿಟ್ಟುಕೊಂಡಳು. ಅದು ಪೂರ್ತಿ ಕರಗಿತು. ಆಮೇಲೆ, "ಅವ್ವ ಬೆಲ್ಲ ಜಾಸ್ತಿ ಹಾಕ್ಯಾಳ" ಅಂದಳು.

ಮನೆಗೆ ಬಂದರೆ ಕಲ್ಲವ್ವ ಕಸಬರಿಗೆ ಹಿಡಿದಳು. "ಊರಿಗೆಲ್ಲ ಊಟ ಹಾಕಾಕ ನಾವೇನು ಸಾವಕಾರರೇನೋ? ಅಕ್ಕಗಂತ ಕೊಟ್ಟದ್ದು ಅಕ್ಕನ ಕೈಯಾಗ ಕೊಡಬೇಕು! ಆಕಿ ಕೈ ಮುಟ್ಟೋತನಕ ಯಾವ ನರಪಿಳ್ಳಿನೂ ಹತ್ತರ ಬಿಡಬ್ಯಾಡ. ಬಂದವರಿಗೆ ಬಡಿಗಿ ತೋರಸು!"

"ತಿಳೀತು ಯವ್ವಾ. ಬಂದವರಿಗೆ ಬಡಿಗಿ!"

ಮೂರನೆಯ ಸಲ ಹೊಸ ಗಡಿಗೆಯಲ್ಲಿ ಜೋಳದ ನುಚ್ಚು, ಮೇಲೆ ಗಟ್ಟಿ ಮೊಸರು, ಜೊತೆಗೆ ಕೆಂಪು ಖಾರ. ತಲೆಯ ಮೇಲೆ ಗಡಿಗೆ, ಕೈಯಲ್ಲಿ ಬಡಿಗೆ. ಕುರಿ ಕಾಯುವವರು ಆಸೆಯಿಂದ ಹತ್ತಿರ ಬಂದರು, ಬಡಿಗೆ ಕಂಡು ಓಡಿದರು. ಕಳೆಯವರು ಓಡಿದರು, ಎತ್ತೂ ಓಡಿತು. ಬರಮನಿಗೆ ಹಿಗ್ಗೋ ಹಿಗ್ಗು. ಈ ಸಲ ಅಕ್ಕ ಉಣ್ಣುತ್ತಾಳೆ!

ತುಂಬರಗುದ್ದಿಯಲ್ಲಿ ಬಾಗಿಲಿಗೆ ಬಂದವಳು ಅಕ್ಕನಲ್ಲ, ಅತ್ತೆ ಬಸಲಿಂಗವ್ವ. "ಬಾರಪಾ ಬರಮಪ್ಪ, ಇತ್ತ ಕೊಡು, ನಾ ಇಳಸ್ತೀನಿ" ಅಂತ ಕೈ ಚಾಚಿದಳು. ಅಕ್ಕನ ಕೈಯಲ್ಲವಲ್ಲ! ಬರಮ ಬಡಿಗೆ ಎತ್ತಿದ. "ಹತ್ತರ ಬರಬ್ಯಾಡ ಅತ್ತಿ! ಬಡದೇನು!"

"ಅಯ್ಯಯ್ಯಪ್ಪೋ! ನನ್ನ ಮನಿ ಹೊಸ್ತಿಲದಾಗ ನನಗ ಬಡಿಗಿ!"

ಬಡಿಗೆ ಬೀಸಿದ ರಭಸಕ್ಕೆ ಗಡಿಗೆ ಉರುಳಿತು. ನುಚ್ಚು ಮಣ್ಣುಪಾಲು. ಒಳಗಿನಿಂದ ಚಂದ್ರವ್ವ ಓಡಿ ಬರುವಷ್ಟರಲ್ಲಿ ಹೊಸ್ತಿಲ ಮೇಲೆ ಬರೀ ಒಡೆದ ಗಡಿಗೆಯ ಬೋಕಿ, ಮೊಸರು. ಬಸಲಿಂಗವ್ವನ ಸಿಟ್ಟು ನೆತ್ತಿಗೇರಿತ್ತು. "ನಿಮ್ಮ ಕೂಳೂ ಬ್ಯಾಡ, ನಿಮ್ಮ ಬೀಗತನಾನೂ ಬ್ಯಾಡ! ಇನ್ನ ಮ್ಯಾಲೆ ನಿಮ್ಮ ಗಂಟು ಈ ಹೊಸ್ತಿಲ ದಾಟಿದ್ರ ಕೇಳು!" ಅಂತ ಬಾಗಿಲು ಹಾಕಿಕೊಂಡಳು.

ಈ ಸಲ ಕಲ್ಲವ್ವ ಬೈಯಲೂ ಇಲ್ಲ. ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬರಮ ಎದುರು ಕೂತ. ಅವ್ವ ಬೈಯದಿದ್ದರೆ ಅವನಿಗೆ ಮುಂದಿನದು ಹೇಗೆ ತಿಳಿಯಬೇಕು?

"ಬೈಯವ್ವಾ" ಅಂದ.

ಕಲ್ಲವ್ವ ಬಿಕ್ಕುತ್ತಲೇ ಬೈದಳು. "ಹಿರ್ಯಾರಿಗೆ ಬಡಿಗಿ ತೋರಸ್ತಾರೇನೋ! ಹಿರ್ಯಾರ ಮುಂದ ಕೈ ಮುಗೀಬೇಕು, ಸಮಾಧಾನದಿಂದ ಮಾತಾಡಬೇಕು. ಈಗ ನವಣಿ ಕುಟ್ಟಿ ಕೊಡ್ತೀನಿ. ಬೀಗತಿಗೆ ಹೇಳು. 'ಅತ್ತಿ, ಮಿಲ್ಲಿನ್ಯಾಗ ಕಾಳಿನ ಸತ್ವ ಎಲ್ಲಾ ತೌಡು ಆಗಿ ಹೋಗ್ತೈತ್ರಿ. ತೌಡಿನ್ಯಾಗನ ಬಲ ಐತ್ರಿ. ನಮ್ಮದು ಒನಕಿಲೆ ಕುಟ್ಟಿದ್ದು, ತೌಡು ಮೈಗೇ ಐತಿ. ಅಕ್ಕಗ ಇದನ್ನ ಅನ್ನ ಮಾಡಿ ಕೊಡ್ರಿ' ಅಂತ ಬೇಡಿಕೋ. ಎಷ್ಟು ನೆನಪಿರ್ತೈತಿ ನಿನಗ?"

"ಕೈ ಮುಗೀಬೇಕು. ಬಲ ತೌಡಿನ್ಯಾಗ ಐತಿ."

"ಅಷ್ಟ ನೆನಪಿದ್ರೂ ಸಾಕು ಹೋಗು" ಅಂದಳು ಕಲ್ಲವ್ವ. ಪಾಪ, ಅಷ್ಟೇ ನೆನಪಿದ್ದದ್ದು ಮುಳುವಾಯಿತು.

ಬರಮ ನವಣೆಯ ಚೀಲ ಹೊತ್ತು ಹಿತ್ತಲ ಕಡೆಯಿಂದ ಹೋದ. ಅಲ್ಲಿ ಬೀಗರ ದೊಡ್ಡ ಎಮ್ಮೆ ಗೋದಲಿಗೆ ಮುಖ ಹಾಕಿ ಮೇಯುತ್ತಿತ್ತು. ಗೋದಲಿಯ ತುಂಬ ಏನು? ಮಿಲ್ಲಿನ ತೌಡು! ನೀರು ಹಾಕಿ ಕಲಸಿದ ತೌಡು! ಎಮ್ಮೆಯ ಮೈ ಮಿರಿಮಿರಿ ಮಿಂಚುತ್ತಿತ್ತು. ಬರಮನಿಗೆ ಅಕ್ಕನ ಮುಖ ನೆನಪಾಯಿತು. ಬಲ ಎಲ್ಲ ಇಲ್ಲಿ ಹೋಗುತ್ತಿದೆ! ನಾನು ತಂದದ್ದು ಎರಡು ಸೇರು, ಇಲ್ಲಿ ಗೋದಲಿ ತುಂಬ ಇದೆ!

ಒಳಗೆ ನುಗ್ಗಿದ. ಅಕ್ಕನ ಕೈ ಹಿಡಿದ. "ಬಾ ಅಕ್ಕಾ, ಬಾ, ಆರೋದ್ರಾಗ ಬಾ!" ಅಂತ ಹಿತ್ತಲಿಗೆ ಕರೆತಂದು ಗೋದಲಿಯ ಮುಂದೆ ಕೂರಿಸಿದ. ಆಮೇಲೆ ಎಮ್ಮೆಯ ಎದುರು ನಿಂತು ಎರಡೂ ಕೈ ಮುಗಿದ. "ಎಮ್ಮೆವ್ವಾ, ನೀ ಹಿರ್ಯಾಕಿ. ಸಿಟ್ಟಾಗಬ್ಯಾಡ. ತುಸು ಅತ್ತಾಗ ಸರಿ. ಅಕ್ಕ ಉಂಡ ಮ್ಯಾಲೆ ನೀ ಉಣ್ಣುವಂತಿ."

ಎಮ್ಮೆ ಸರಿಯಲಿಲ್ಲ. ಬರಮ ಇನ್ನೊಮ್ಮೆ ಕೈ ಮುಗಿದ. ಚಂದ್ರವ್ವನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತ ನಗುತ್ತ ಸುಸ್ತಾಗಿ ಗೋದಲಿಗೆ ಒರಗಿದಳು. ಆಗಲೇ ಬಸಲಿಂಗವ್ವ ಬಂದು ನೋಡಿ ಬಾಯಿ ಬಡಿದುಕೊಂಡಳು. "ನನ್ನ ಸೊಸೀನ ದನದ ಗ್ವಾದಲಿಗೆ ಹಚ್ಚಿದೇನೋ! ನಡಿ ಹೊರಗ!" ಚೀಲ ಅಂಗಳಕ್ಕೆ ಬಿತ್ತು, ಬಾಯಿ ಬಿಚ್ಚಿತು. ನವಣೆ ಕೋಳಿಗಳ ಪಾಲಾಯಿತು.

ಎರಡು ತಿಂಗಳು ಹೀಗೆಯೇ ಹೋದವು. ಚಂದ್ರವ್ವನಿಗೆ ಏಳು ತಿಂಗಳಾಯಿತು. ಕಲ್ಲವ್ವ ಮಗನನ್ನು ಎದುರಿಗೆ ಕೂರಿಸಿಕೊಂಡು ಸೋತ ದನಿಯಲ್ಲಿ ಹೇಳಿದಳು. "ಬರಮ್ಯಾ, ನಾ ಹೇಳಿದ್ದೂ ಸಾಕು, ನೀ ಮಾಡಿದ್ದೂ ಸಾಕು. ಬರಿಗೈಲೆ ಹೋಗು. ಅಕ್ಕನ್ನ ಕೇಳು, ಏನು ಬೇಕು ಅಂತ. ಆಕಿ ಏನು ಬೇಡ್ತಾಳ ಅದನ್ನ ಒಯ್ದು ಕೊಡು. ಅದಕ್ಕ ಏನೂ ಸೇರಸಬ್ಯಾಡ, ಏನೂ ಬಿಡಬ್ಯಾಡ."

ಬರಮ ಹೋದ. ಬಾಗಿಲಲ್ಲಿ ಬಸಲಿಂಗವ್ವ ಇದ್ದಳು. ಅದಕ್ಕೆ ಹಿಂದಿನ ಕಿಟಕಿಗೆ ಬಂದ. ಅಕ್ಕ ಕಿಟಕಿಯ ಕೆಳಗೇ ಮಲಗಿದ್ದಳು. ಮಗ್ಗುಲಲ್ಲಿ ತಾಟಿನ ತುಂಬ ಬೆಳ್ಳನೆಯ ಅನ್ನ ಆರಿ ಬಿರುಸಾಗಿತ್ತು.

"ಅಕ್ಕಾ, ನಿನಗೇನು ಬೇಕ? ಅವ್ವ ಕೇಳ್ಯಾಳ."

ಚಂದ್ರವ್ವ ತಾಟನ್ನು ಅತ್ತ ಸರಿಸಿದಳು. "ಏನೂ ಬ್ಯಾಡ ತಮ್ಮಾ. ಈಗ ರೊಟ್ಟಿ ತಂದ್ರೂ ಹೋಗ್ತೈತೋ ಇಲ್ಲೋ. ಅವ್ವನ ಒಲಿ ಮುಂದ ಒಂದೀಟು ಕುಂಡ್ರಬೇಕು ಅನಸ್ತೈತಿ. ಆ ಹೊಗಿ, ಆ ಮಸಿ... ಆ ಒಲಿ ಮುಂದ ಕುಂತ್ರ ತಾನ ಹಸಿವಾಗ್ತೈತಿ ನನಗ. ಇನ್ನೇನೂ ಬೇಕಾಗಿಲ್ಲ."

"ಒಲಿ?"

"ಹೂಂ, ಒಲಿ."

ಬರಮ ಓಡಿದ. ಅಕ್ಕ ಕಡೆಗೂ ಬೇಡಿದಳು! ಬೇಡಿದ್ದು ಮನೆಯಲ್ಲೇ ಇದೆ! ಬೀಸುವುದು ಬೇಡ, ಬಡಿಯುವುದು ಬೇಡ!

ಮರುದಿನ ಬೆಳಿಗ್ಗೆ ಕಲ್ಲವ್ವ ಒಲೆ ಹೊತ್ತಿಸಿ, ಹಿತ್ತಲಿಗೆ ಕುಳ್ಳು ತರಲು ಗೋಡೆ ಹಿಡಿದುಕೊಂಡು ಹೋದಳು. ಬರಮ ಗುದ್ದಲಿ ತೆಗೆದುಕೊಂಡ. ಮಣ್ಣಿನ ಒಲೆ, ಇಪ್ಪತ್ತೈದು ವರ್ಷದ ಒಲೆ, ಸುಟ್ಟು ಸುಟ್ಟು ಕಲ್ಲಿನಂತಾದ ಒಲೆ. ಸುತ್ತಲೂ ಅಗೆದ. ಬುಡಸಮೇತ ಎಬ್ಬಿಸಿದ. ಏನೂ ಬಿಡಬೇಡ ಅಂದಿದ್ದಳಲ್ಲ ಅವ್ವ, ಕೆಂಡವನ್ನೂ ಬೂದಿಯನ್ನೂ ಬಿಡಲಿಲ್ಲ. ತಲೆಯ ಮೇಲೆ ಹಸಿ ಗೋಣಿಚೀಲ ಹಾಕಿಕೊಂಡು ಅದರ ಮೇಲೆ ಒಲೆಯನ್ನು ಹೊತ್ತು ನಡೆದೇಬಿಟ್ಟ.

"ಲೇ, ನಿನ್ನ ತಲ್ಯಾಗಿಂದ ಹೊಗಿ ಏಳಾಕ ಹತ್ತೈತಲೋ!" ಅಂದರು ಕುರಿ ಕಾಯುವವರು.

"ಒಲಿ ಐತ್ರಿ" ಅಂದ ಬರಮ, ನಿಲ್ಲದೆ.

ಮೂರು ಹರದಾರಿ ದೂರ, ಹೆಗಲೆಲ್ಲ ಬೂದಿ. ಒಲೆ ದಾರಿಯಲ್ಲಿ ಎರಡು ಕಡೆ ಬಿರಿಯಿತು. ಬೀಗರ ಅಂಗಳದಲ್ಲಿ ಇಳಿಸುವಾಗ ಕಡೆಗೂ ಮೂರು ಹೋಳಾಯಿತು. ಬರಮ ಮೂರನ್ನೂ ಜೋಡಿಸಿಟ್ಟು, ಕೆಂಡ ಊದಿ, ಕೂಗಿದ. "ಅಕ್ಕಾ! ಅವ್ವನ ಒಲಿ ತಂದೀನಿ! ಬಾ, ಮುಂದ ಕುಂಡ್ರು!"

ಚಂದ್ರವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನೋಡಿದಳು. ತವರಿನ ಒಲೆ. ಮೂರು ಹೋಳಾದ ತವರಿನ ಒಲೆ. ಅವಳು ನಗಲಿಲ್ಲ. ಹತ್ತಿರ ಹೋಗಿ ಕೂತು, ಒಡೆದ ಅಂಚಿನಿಂದ ಕೆಂಪಗೆ ಸುಟ್ಟ ಮಣ್ಣಿನ ಚೂರೊಂದನ್ನು ಮುರಿದು, ಬಸುರಿಯರು ಮಾಡುವಂತೆ, ಬಾಯಲ್ಲಿಟ್ಟುಕೊಂಡಳು. ಆಮೇಲೆ ಮೊಣಕಾಲ ಮೇಲೆ ಗಲ್ಲ ಊರಿ ಅಳತೊಡಗಿದಳು. ಬಸಲಿಂಗವ್ವ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

ಇತ್ತ ಕಲ್ಲವ್ವ ಒಳಗೆ ಬಂದು ನೋಡಿದರೆ ಒಲೆಯಿದ್ದಲ್ಲಿ ಗುಂಡಿ! ಒಲೆ ಕಿತ್ತುಹೋದರೆ ಮನೆತನವೇ ಕಿತ್ತುಹೋದಂತೆ ಅಂತ ನಂಬಿದ ಹೆಂಗಸು. ಅವಳಿಗೆ ಕಾಲಿನ ನೋವು ಮರೆತೇಹೋಯಿತು. ಒನಕೆಯನ್ನೇ ಊರುಗೋಲು ಮಾಡಿಕೊಂಡು ಹೊರಬಿದ್ದಳು. ಹೊರಬೀಳುವ ಮುಂಚೆ, ಸಿಟ್ಟಿನಲ್ಲೇ, ಉಡಿಯಲ್ಲಿ ಎರಡು ಬೊಗಸೆ ಸಜ್ಜೆ ಹಿಟ್ಟು, ಒಂದಿಷ್ಟು ಅಗಸೆ ಹಿಂಡಿ ಕಟ್ಟಿಕೊಂಡಳು. ತವೆಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಯಾಕೆ ಅಂತ ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಅರ್ಧ ದಾರಿ ಕುಂಟಿದಳು, ಅರ್ಧ ದಾರಿ ಯಾರದೋ ಜೋಳದ ಮೇವು ಹೇರಿದ ಕಣಕಿ ಬಂಡಿಯ ಮೇಲೆ ಕೂತಳು.

"ಎಲ್ಲಿ ಅದಾನ ಅವ! ಎಲ್ಲಿ ನನ್ನ ಒಲಿ!" ಅಂತ ಒನಕೆ ಎತ್ತಿಕೊಂಡೇ ಅಂಗಳಕ್ಕೆ ಬಂದಳು. ಮಗಳು ಕಣ್ಣಿಗೆ ಬಿದ್ದಳು. ಕೈಯಲ್ಲಿದ್ದ ಒನಕೆ ಕೆಳಗೆ ಬಿತ್ತು.

"ಚಂದ್ರೀ..."

"ಯವ್ವಾ, ಹಸಿವ್ಯಾಗೈತಿ."

ಇಷ್ಟೇ ಮಾತು. ಈ ಮಾತು ಕೇಳಲು ಕಲ್ಲವ್ವ ಎರಡು ತಿಂಗಳು ಕಾದಿದ್ದಳು. ಬೀಗತಿಯನ್ನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಮೂರು ಹೋಳಿನ ನಡುವೆ ಬೆಂಕಿ ಮಾಡಿದಳು, ತವೆ ಇಟ್ಟಳು. ಚಂದ್ರವ್ವ ಒಳಗಿನಿಂದ ತಾಟು ತಂದುಕೊಟ್ಟಳು. ಕಲ್ಲವ್ವ ಹಿಟ್ಟು ನಾದಿ, ಅದೇ ತಾಟಿನ ಮೇಲೆ ರೊಟ್ಟಿ ಬಡಿದಳು. ಚಟಪಟ ಚಟಪಟ ಸದ್ದು ಓಣಿಯ ತನಕ ಹೋಯಿತು. ನಡುವೆ ಎದ್ದು, ಬೀಗರ ಬದುವಿನಲ್ಲೇ ದನ ತುಳಿಯುವ ಕಡೆ ಬೆಳೆದಿದ್ದ ಹಕ್ಕರಕಿ ಸೊಪ್ಪು ಒಂದು ಹಿಡಿ ಕಿತ್ತು ತಂದು ಹಸಿಹಸಿಯಾಗಿಯೇ ಎದುರಿಗಿಟ್ಟಳು. ಚಂದ್ರವ್ವ ಒಂದು ರೊಟ್ಟಿ ತಿಂದಳು. ಎಲ್ಲರೂ ಅವಳ 
ಮುಖವನ್ನೇ ನೋಡಿದರು. ವಾಂತಿ ಬರಲಿಲ್ಲ. ಎರಡನೆಯದು ತಿಂದಳು. ಮೂರನೆಯದಕ್ಕೆ ಕೈ ಚಾಚಿದಳು.

ಬಸಲಿಂಗವ್ವ ದೂರದಲ್ಲಿ ನಿಂತವಳು ಒಂದೊಂದೇ ಹೆಜ್ಜೆ ಹತ್ತಿರ ಬಂದಳು. "ಬೀಗತಿ, ಒಂದು ತುಣುಕು ನನಗೂ ಕೊಡು" ಅಂದಳು, ತಗ್ಗಿದ ದನಿಯಲ್ಲಿ. ಅಗಿಯುತ್ತ ಅಗಿಯುತ್ತ ಅವಳ ಮುಖ ಬೇರೆಯೇ ಆಯಿತು. "ನನ್ನ ತವರೂ ಬೆದ್ದಲ ಸೀಮಿನ ಐತಿ. ಇದನ್ನ ತಿಂದು ಬೆಳದಾಕಿನ ನಾನು. ಈ ಮನಿಗೆ ಬಂದು ಮೂವತ್ತು ವರ್ಷ ಆತು. ಹೆಸರು ತಗದ್ರ ನಗ್ತಾರಂತ ಮರತಂಗ ಮಾಡಿದ್ನಿ. ಮರತಿರಲಿಲ್ಲ ನೋಡವ್ವಾ."

ಎಲ್ಲ ಚೆನ್ನಾಯಿತು ಅಂದುಕೊಂಡಿರಾ? ಉಂಡಾದ ಮೇಲೆ ಕಲ್ಲವ್ವನಿಗೆ ತನ್ನ ಅಡುಗೆಮನೆಯ ಗುಂಡಿ ನೆನಪಾಯಿತು. ಸಿಟ್ಟು ಮತ್ತೆ ಬಂತು. "ಒಲಿ ಕಿತ್ತ ಬಂದೀಯಲ್ಲೋ ಮಂಗ್ಯಾ! ಒಲಿ ಇಲ್ಲಿ, ಮನಿ ಅಲ್ಲಿ! ಯಾರಾದ್ರೂ ಹಿಂಗ ಇಡ್ತಾರೇನೋ? ಒಲಿ, ಮನಿ ಎರಡೂ ಒಂದ ಕಡೆ ಇರಬೇಕಂತ ಹಾಲುಗೂಸಿಗೂ ಗೊತ್ತೈತಿ!"

ಬರಮ ಯೋಚನೆಗೆ ಬಿದ್ದ. ಎರಡೂ ಒಂದೇ ಕಡೆ ಇರಬೇಕು. ಸರಿ. ಆದರೆ ಒಲೆ ವಾಪಸು ಒಯ್ದರೆ ಅಕ್ಕ ಮತ್ತೆ ಉಣ್ಣುವುದಿಲ್ಲ. ಹಾಗಾದರೆ?

ಮರುದಿನ ಎಲ್ಲರೂ ಏಳುವಷ್ಟರಲ್ಲಿ ಬರಮ ಇರಲಿಲ್ಲ. ಕಲ್ಲವ್ವ ಮಗಳಿಗೆ ರೊಟ್ಟಿ ಬಡಿಯುತ್ತ ದಾರಿ ನೋಡಿದಳು. ಹೊತ್ತು ನೆತ್ತಿಗೆ ಬಂದಾಗ ಕಾಲುವೆಯ ದಂಡೆಯ ಮೇಲೆ ಏನೋ ಉದ್ದನೆಯದು ನಡೆದು ಬರುವುದು ಕಂಡಿತು. ಬರಮ! ತಲೆಯ ಮೇಲೆ ಬಾಗಿಲು! ಚೌಕಟ್ಟು, ಹೊಸ್ತಿಲು, ಚಿಲಕ ಎಲ್ಲ ಸಮೇತ ನವಲಗಟ್ಟಿಯ ಮನೆಯ ತಲೆಬಾಗಿಲು!

"ಏನೋ ಇದು!" ಕಲ್ಲವ್ವ ಚೀರಿದಳು.

"ಮನಿ ತರಾಕ ಹತ್ತೀನಿ ಯವ್ವಾ. ಎರಡೂ ಒಂದ ಕಡೆ ಇರಬೇಕಂದಿಯಲ್ಲ! ಇವತ್ತು ಬಾಗಲಾ ತಂದೀನಿ. ಗ್ವಾಡಿ ನಾಳೆ ತರ್ತೀನಿ."

ಕಲ್ಲವ್ವ ಒನಕೆಗೆ ಕೈ ಹಾಕಿದಳು. ಅಷ್ಟರಲ್ಲಿ ಚಂದ್ರವ್ವ ಎದ್ದು ನಿಂತಳು. "ತಡಿ ಯವ್ವಾ. ತಮ್ಮಾ, ಅದನ್ನ ಅಲ್ಲಿ ನೆಟ್ಟಗ ನಿಂದ್ರಸು."

ಅಂಗಳದ ನಡುವೆ, ಒಲೆಯ ಈಚೆ, ಬರಮ ಬಾಗಿಲನ್ನು ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಹಿಡಿದುಕೊಂಡ. ಚಂದ್ರವ್ವ ಸುತ್ತು ಹಾಕಿ ಮುಂದಿನಿಂದ ಬಂದು ಹೊಸ್ತಿಲಿನ ಹತ್ತಿರ ನಿಂತಳು. ಹೆರಿಗೆಗೆ ತವರಿಗೆ ಬಂದ ಮಗಳು ನಿಲ್ಲುವ ಹಾಗೆ ನಿಂತಳು. ಕಲ್ಲವ್ವನ ಕೈಯಿಂದ ಒನಕೆ ಜಾರಿತು. ಒಂದು ತುಣುಕು ರೊಟ್ಟಿ, ಒಂದು ತಂಬಿಗೆ ನೀರು ತಂದು ಮಗಳ ಮುಖಕ್ಕೆ ನಿವಾಳಿಸಿ ಅತ್ತಿತ್ತ ಚೆಲ್ಲಿದಳು. "ಬಾರವ್ವಾ, ಒಳಗ ಬಾ" ಅಂದಳು. ತವರಿನ ಬಾಗಿಲು ಗಿಡ್ಡ. ಚಂದ್ರವ್ವ ತಲೆ ಬಗ್ಗಿಸಿ, ಬಲಗಾಲಿಟ್ಟು ದಾಟಿದಳು. ದಾಟಿ ಹೋಗಿ ಒಲೆಯ ಮುಂದೆ ಅವ್ವನ ಮಗ್ಗುಲಲ್ಲಿ ಕೂತಳು. ಇಬ್ಬರೂ ಬಹಳ ಹೊತ್ತು ಒಂದೇ ತಾಟಿನಲ್ಲಿ ಉಂಡರು.

ಬಿಸಿಲು ಇಳಿಯುತ್ತ ಬಂತು. ಬರಮ ಇನ್ನೂ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಬಸಲಿಂಗವ್ವನಿಗೇ ಅಯ್ಯೋ ಅನ್ನಿಸಿತು. "ಬಿಡಪಾ ಬರಮಪ್ಪ, ಕೈ ನೊಂದಾವು. ಬಾಗಲಾ ಮಲಗಿಸಿ ನೀನೂ ಬಂದು ಉಣ್ಣು."

"ಹೆಂಗ ಬಿಡ್ಲಿ ಅತ್ತಿ?" ಅಂದ ಬರಮ, ಬೆವರು ಸುರಿಸುತ್ತ. "ಅವ್ವ ಒಳಗ ಅದಾಳ, ಅಕ್ಕ ಒಳಗ ಅದಾಳ, ಒಲಿ ಮ್ಯಾಲೆ ರೊಟ್ಟಿ ಐತಿ. ಗ್ವಾಡಿ ಇನ್ನೂ ಬಂದಿಲ್ಲ. ನಾ ಬಾಗಲಾ ಬಿಟ್ರ ನಾಯಿ ಒಳಗ ಹೊಕ್ಕಾವು!"

ಓಣಿಯ ಕಂದು ನಾಯಿ ಆಗಲೇ ಪಕ್ಕದಿಂದ ಸುತ್ತಿ ಬಂದು, ಒಲೆಯ ಬೂದಿಯಲ್ಲಿ ಬೆಚ್ಚಗೆ ಮುದುಡಿ ಮಲಗಿ, ಚಂದ್ರವ್ವ ಎಸೆದ ರೊಟ್ಟಿಯ ಅಂಚು ಅಗಿಯುತ್ತಿತ್ತು. ಬರಮ ಅದರ ಕಡೆಗೆ ಬೆನ್ನು ಮಾಡಿ ಬಾಗಿಲು ಕಾಯುತ್ತಿದ್ದ. ಕಾಯಲಿ ಬಿಡಿ, ಅವನನ್ನು ಯಾರೂ ಕರೆಯಬೇಡಿ.